ನಮ್ಮಪ್ಪ ಎಣ್ಣಿ ಹೊಡಿತಾನ

ಬೆಂಗಳೂರಿಗೆ ಬಂದ ಹೊಸತು. ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಆಫೀಸಿನ ಕ್ಯಾಂಟೀನಿನಲ್ಲಿ ನಾಲ್ಕು ಜನ ಕೂತು ಇಡ್ಲಿ ತಿನ್ನುತ್ತಿದ್ದೆವು. ಊರಿನಿಂದ ಅವ್ವನ ಫೋನು ಬಂತು. ಮಾತಾಡಿ ಇಟ್ಟ ಮೇಲೆ ಪಕ್ಕದವನು "ಏನಂತೆ ಅಮ್ಮ?" ಅಂದ. "ಏನಿಲ್ಲೋ, ಅಪ್ಪ ಎಣ್ಣಿ ಹೊಡಿಲಾಕ ಹೊಲಕ್ಕ ಹೋಗ್ಯಾನಂತ, ಸಂಜಿತನ ಬರಂಗಿಲ್ಲಂತ" ಅಂದೆ.

ಟೇಬಲ್ಲಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಮಂಡ್ಯ ಕಡೆಯ ಗೆಳೆಯನೊಬ್ಬ ನನ್ನ ಭುಜದ ಮೇಲೆ ಕೈಯಿಟ್ಟು, ನಿಜವಾದ ಕಾಳಜಿಯಿಂದಲೇ, "ದಿನಾನೂ ಹೊಡೀತಾರಾ ಮಗಾ? ಬೆಳಿಗ್ಗೆಯಿಂದಾನೇ?" ಅಂತ ಕೇಳಿದ.

ನಮ್ಮಪ್ಪ ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ. ಕಲಬುರಗಿ ಜಿಲ್ಲೆಯಲ್ಲಿ ಎಣ್ಣಿ ಅಂದರೆ ಬೆಳೆಗೆ ಸಿಂಪಡಿಸುವ ಕೀಟನಾಶಕ. ಎಣ್ಣಿ ಹೊಡಿಯೋದು ಅಂದರೆ ಬೆನ್ನಿಗೆ ಪಂಪು ಕಟ್ಟಿಕೊಂಡು ತೊಗರಿ ಸಾಲಿನ ನಡುವೆ ಬಿಸಿಲಲ್ಲಿ ನಡೆಯುವುದು. ಇಷ್ಟು ಹೇಳಿದ ಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಕರ್ನೂಲಿನ ಹುಡುಗ. ತೆಲುಗಿನಲ್ಲಿ 'ಮಂದು ಕೊಟ್ಟು' ಅಂದರೆ ಬೆಳೆಗೆ ಔಷಧ ಹೊಡೆಯುವುದೂ ಹೌದು, ಸಂಜೆ ಗೆಳೆಯರ ಜತೆ ಕೂತು ಹೊಡೆಯುವುದೂ ಹೌದಂತೆ. ಅವನೂ ಇದೇ ಪೇಚಿಗೆ ಸಿಕ್ಕಿ ಹೊರಬಂದವನು.

ಆವತ್ತಿನಿಂದ ಈ 'ಹೊಡಿ' ಅನ್ನೋ ಪದದ ಮೇಲೆ ನನಗೊಂದು ಕಣ್ಣು. (ಕಣ್ಣು ಹೊಡೆದೆ ಅಂತ ಓದಿಕೊಳ್ಳಬೇಡಿ.)

ನಿಮ್ಮ ಮೊಬೈಲಿಗೂ ಬಂದಿರುತ್ತೆ, "ಕನ್ನಡದ ಹೊಡಿ ಪದದ ಅರ್ಥಗಳು ನೋಡಿ" ಅನ್ನೋ ಒಂದು ಪಟ್ಟಿ. ಲೈನ್ ಹೊಡಿ, ಸೈಟ್ ಹೊಡಿ, ಬಂಕ್ ಹೊಡಿ, ಕಾಪಿ ಹೊಡಿ, ದಮ್ ಹೊಡಿ, ಬೋರ್ ಹೊಡಿ, ಹರಟೆ ಹೊಡಿ, ನಿದ್ದೆ ಹೊಡಿ, ಸಿಕ್ಸ್ ಹೊಡಿ, ಸೆಲ್ಯೂಟ್ ಹೊಡಿ, ದುಡ್ಡು ಹೊಡಿ, ಲಾಟರಿ ಹೊಡಿ. ಕೊನೆಗೆ ನಗುವ ಮುಖಗಳು, ಜೈ ಕನ್ನಡಾಂಬೆ. ನಾನೂ ಎರಡು ಸಲ ಫಾರ್ವರ್ಡ್ ಮಾಡಿದ್ದೇನೆ. ಮೂರನೇ ಸಲ ಬಂದಾಗ ಓದುತ್ತಾ ಓದುತ್ತಾ ಒಂದು ಅನುಮಾನ ಬಂತು. ಈ ಪಟ್ಟಿ ಬರೆದವನು ಕಾಲೇಜಿನಿಂದ ಆಫೀಸಿಗೆ, ಆಫೀಸಿನಿಂದ ಬಾರಿಗೆ ಹೋದವನು. ಹೊಲಕ್ಕೆ ಹೋದವನಲ್ಲ. ಇದರಲ್ಲಿರುವ ಹೊಡಿಗಳೆಲ್ಲ ಒಂದೋ ಮಜಾ, ಇಲ್ಲ ಮೋಸ. ದುಡಿಮೆ ಅನ್ನೋದು ಒಂದೂ ಇಲ್ಲ.

ನಮ್ಮೂರು ಆಳಂದ ತಾಲ್ಲೂಕಿನದು. ಅವ್ವನ ತವರು ಅಫಜಲಪುರ ಕಡೆ, ಭೀಮಾ ದಂಡೆಗೆ. ಅಕ್ಕನ್ನ ಕೊಟ್ಟಿದ್ದು ಜೇವರ್ಗಿಗೆ. ಮೂರೂ ಕಡೆ ತಿರುಗಾಡಿ ಬೆಳೆದ ನನಗೆ ಗೊತ್ತಿರುವ ಹೊಡಿಗಳ ಪಟ್ಟಿ ಬೇರೆ. ಮಳೆಗೆ ಮುಂಚೆ ತಿಪ್ಪಿಯಿಂದ ಹೊಲಕ್ಕೆ ಗೊಬ್ಬರ ಹೊಡೀಬೇಕು, ಅಂದರೆ ಬಂಡಿಯಲ್ಲಿ ಸಾಗಿಸಬೇಕು. ಗಳೆ ಹೊಡೀಬೇಕು, ಕುಂಟಿ ಹೊಡೀಬೇಕು. ಬಿತ್ತಿ ಪೈರು ಗೇಣುದ್ದ ಆದ ಮೇಲೆ ಸಾಲಿನ ನಡುವೆ ಎಡಿ ಹೊಡೀಬೇಕು. ಬಂಡಿ ಹೊಡಿಯೋದು ಬೇರೆ, ದನ ಹೊಡಕೊಂಡು ಹೋಗೋದು ಬೇರೆ. ತೊಗರಿ ಹೂವಿಗೆ ಬಂದಾಗ ಎಣ್ಣಿ ಹೊಡೀಬೇಕು. ಅಫಜಲಪುರದ ಕಡೆ ಕಬ್ಬು ಕಡಿದ ಮೇಲೆ ಟ್ರ್ಯಾಕ್ಟರಿನಲ್ಲಿ ಕಾರ್ಖಾನೆಗೆ ಕಬ್ಬು ಹೊಡೀತಾರೆ. ನಮ್ಮ ಮುತ್ಯಾನ ಕಾಲದಲ್ಲಿ ಕಣದಲ್ಲಿ ರಾತ್ರಿಯೆಲ್ಲ ಹಾಡು ಹೇಳುತ್ತಾ ಹಂತಿ ಹೊಡೀತಿದ್ದರಂತೆ, ಎತ್ತು ಸುತ್ತು ಹೊಡೆದು ತೆನೆ ತುಳಿದು ಕಾಳು ಬಿಡಿಸೋದು. ಇಷ್ಟರಲ್ಲಿ ಯಾರಿಗೂ ಏಟು ಬೀಳಲಿಲ್ಲ ನೋಡಿ. ಎತ್ತಿಗೆ ಒಂದೆರಡು ಬಿದ್ದಿರಬಹುದು.

ಇನ್ನೊಂದು 'ಹೊಡಿ' ಇದೆ, ಅದು ಈ ಕುಲದ್ದೇ ಅಲ್ಲ. ಜೋಳದ ತೆನೆ ಇನ್ನೂ ಹೊರಗೆ ಬಾರದೆ ಸೋಗೆಯ ಹೊಟ್ಟೆಯಲ್ಲೇ ಇರುತ್ತಲ್ಲ, ಅದಕ್ಕೆ ಹೊಡಿ ಅಂತಾರೆ. "ಜ್ವಾಳ ಹೊಡಿಗಿ ಬಂದದ" ಅಂದರೆ ಬಸಿರಾಗಿದೆ ಅಂದ ಹಾಗೆ. ಏಟಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಫಾರ್ವರ್ಡ್ ಪಟ್ಟಿಯವರಿಗೆ ಇದು ಸಿಕ್ಕಿದ್ದರೆ ಕುಣಿದಾಡುತ್ತಿದ್ದರು.

ಹಾಗಾದರೆ ಹೊಡಿ ಅಂದರೆ ಏನು? ನನಗೆ ತೋರುವುದು ಇಷ್ಟು. ಈ ಪದ ತನ್ನ ಏಟನ್ನು ಅರ್ಧ ಮರೆತುಬಿಟ್ಟಿದೆ. ಅದರ ಹಿಂದೆ ಬಂದು ನಿಲ್ಲುವ ನಾಮಪದವೇ ಅರ್ಥ ಹೊರುತ್ತೆ, ಹೊಡಿ ಬರೀ ನೊಗ. ಬಣ್ಣ ಹೊಡಿ, ಗಾಳಿ ಹೊಡಿ, ಸೀಲು ಹೊಡಿ, ಇಸ್ತ್ರಿ ಹೊಡಿ, ರೌಂಡ್ ಹೊಡಿ. ಕೈಯೋ ಕಾಲೋ ಜೋರಾಗಿ, ಮತ್ತೆ ಮತ್ತೆ ಆಡುವ ಕೆಲಸ ಯಾವುದಿದ್ದರೂ ಅದರ ಕೊರಳಿಗೆ ಇದನ್ನು ಕಟ್ಟಬಹುದು. ಹೊಸ ಯಂತ್ರ ಬಂತೋ, ಹೊಸ ಇಂಗ್ಲಿಷ್ ಪದ ಬಂತೋ, ಕನ್ನಡ ಅದರ ಪಕ್ಕಕ್ಕೆ ಒಂದು ಹೊಡಿ ಇಟ್ಟು ಒಳಗೆ ಕರೆದುಕೊಳ್ಳುತ್ತೆ.

ಇದೆಲ್ಲ ಹಿಂದಿಯ 'ಮಾರ್ನಾ' ನೋಡಿ ಬಂದ ಚಟ ಅನ್ನುವವರಿದ್ದಾರೆ. ನಮ್ಮ ಕಡೆ ಹಾಗನ್ನಲು ಕಾರಣವೂ ಇದೆ. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವರು, ಉರ್ದು ನಮ್ಮ ಕಚೇರಿ ಭಾಷೆಯಾಗಿತ್ತು. ಆಳಂದ, ಅಫಜಲಪುರ ಎರಡಕ್ಕೂ ಮಹಾರಾಷ್ಟ್ರದ ಗಡಿ ಹತ್ತಿದೆ. ಅತ್ತ ಮರಾಠಿಯವರು ಬೆಳೆಗೆ ಔಷಧ 'ಮಾರ್ತಾರೆ'. ಮೊದಲ ಸಲ ಕೇಳಿದಾಗ ಇವರು ಹೊಲದಲ್ಲಿ ನಿಂತು ಯಾರಿಗೆ ಔಷಧ ಮಾರಾಟ ಮಾಡ್ತಾರಪ್ಪ ಅಂದುಕೊಂಡಿದ್ದೆ. ಆದರೆ ಹಿಂದಿಯ ನೆರಳು ಅಷ್ಟಾಗಿ ಬೀಳದ ತಮಿಳನ್ನು ನೋಡಿ. ಅವರು ಬೆಳೆಗೆ ಮರುಂದು 'ಅಡಿ'ಸ್ತಾರೆ, ಹುಡುಗರು ಸೈಟ್ 'ಅಡಿ'ಸ್ತಾರೆ, ಅಡಿ ಅಂದರೆ ಏಟೇ. ತೆಲುಗಿನ ಕೊಟ್ಟು ಆಗಲೇ ಹೇಳಿದೆ. ಅಂದ ಮೇಲೆ ಇದು ಯಾರಿಂದಲೋ ಕದ್ದ ಮಾಲಲ್ಲ. ದಕ್ಷಿಣೋತ್ತರದವರೆಲ್ಲ ಏಟಿನ ಪದವನ್ನೇ ದುಡಿಮೆಯ ಪದ ಮಾಡಿಕೊಂಡಿದ್ದಾರೆ.

ಪದ ಹಳೆಯದೇ. ಹಳಗನ್ನಡದಲ್ಲಿ ಇದು ಪೊಡೆ. ಪಾಲು ಹಾಲಾದಂತೆ, ಪೂ ಹೂವಾದಂತೆ, ಪೊಡೆ ಹೊಡೆಯಾಯಿತು. 13ನೇ ಶತಮಾನದ ಕೇಶಿರಾಜ ಕನ್ನಡದ ಧಾತುಗಳನ್ನು ಪಟ್ಟಿ ಮಾಡಿ, ಒಂದೊಂದರ ಮುಂದೆ ಸಂಸ್ಕೃತದಲ್ಲಿ ಚುಟುಕಾಗಿ ಅರ್ಥ ಇಟ್ಟ. ಕಿಟ್ಟೆಲ್ 1894ರಲ್ಲಿ ಇಂಗ್ಲಿಷಿನಲ್ಲಿ ಇಟ್ಟರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ, ಕಾವ್ಯಗಳಿಂದ ಉದಾಹರಣೆ ಹೆಕ್ಕಿ ಕೊಟ್ಟಿತು. ಮೂರೂ ದೊಡ್ಡ ಕೆಲಸ, ನಾನು ಕೈ ಮುಗಿಯುತ್ತೇನೆ. ಆದರೂ ಬರೆದಿಟ್ಟಿದ್ದನ್ನು ನೋಡಿ ಅರ್ಥ ಹೇಳುವ ದಾರಿಗೆ ಒಂದು ಮಿತಿ ಇದೆ. ಪಂಪು ಬೆನ್ನಿಗೆ ಕಟ್ಟಿಕೊಂಡ ಮನುಷ್ಯ ಶಾಸನ ಹಾಕಿಸುವುದಿಲ್ಲ. ಅವನ ಎಣ್ಣಿ, ಅವನ ಹೊಡಿ ಗಾಳಿಯಲ್ಲೇ ಇರುತ್ತವೆ.

ಒಂಬತ್ತನೇ ಶತಮಾನದಲ್ಲೇ ಕವಿರಾಜಮಾರ್ಗದವನು ಇದನ್ನು ಕಂಡಿದ್ದ. 'ಕನ್ನಡಗಳು' ಅಂತ ಬಹುವಚನದಲ್ಲೇ ಬರೆದ. ದೇಸಿ ಬೇರೆ ಬೇರೆ ಇರುವುದರಿಂದ ಅವುಗಳ ದೋಷ ಇಷ್ಟೇ ಎಂದು ಎಣಿಸಲು ಹೋದರೆ ವಾಸುಕಿಯೂ ಬೇಸತ್ತುಹೋಗುತ್ತಾನೆ ಅನ್ನೋದು ಅವನ ಮಾತಿನ ಸಾರ. ಆ ಪುಸ್ತಕ ಹುಟ್ಟಿದ್ದು ರಾಷ್ಟ್ರಕೂಟರ ಮಾನ್ಯಖೇಟದ ಆಸ್ಥಾನದಲ್ಲಿ. ಮಾನ್ಯಖೇಟ ಅಂದರೆ ಇವತ್ತಿನ ಮಳಖೇಡ, ನಮ್ಮದೇ ಜಿಲ್ಲೆ. ಸಿನೆಮಾದಲ್ಲಿ ನಗಿಸಲಿಕ್ಕೆ ಅಂತ ಯಾರ ಮಾತನ್ನು ಅಣಕಿಸುತ್ತಾರೋ ಅವರ ನೆಲದಲ್ಲೇ ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಆಗಿದ್ದು. ಇರಲಿ, ಹಳೇ ಬಡಾಯಿ.

ಬಡಾಯಿ ಅಂದಾಗ ಬಡಿ ನೆನಪಾಯಿತು. ನಿಜವಾದ ಏಟಿಗೆ ನಮ್ಮಲ್ಲಿ ಹೆಚ್ಚು ಓಡುವ ಪದ ಇದು. "ಮಾಸ್ತರ ಬಡದ್ರು", "ಸಿಡ್ಲು ಬಡೀತು". ಅದಕ್ಕೂ ದುಡಿಮೆಯ ಮುಖ ಇದೆ. ಅವ್ವ ರೊಟ್ಟಿ ಬಡೀತಾಳೆ, ಆ ಪಟಪಟ ಸದ್ದಿಗೆ ನಾವು ಏಳುತ್ತಿದ್ದೆವು. ಬೆಂಗಳೂರಿನ ಗೆಳೆಯನ ಮನೆಗೆ ಮೊದಲ ಸಲ ಹೋದಾಗ ಅವರಮ್ಮ ಪ್ರೀತಿಯಿಂದ "ಕೂತ್ಕೊಳಪ್ಪ, ಬಡಿಸ್ತೀನಿ" ಅಂದರು. ನಮ್ಮಲ್ಲಿ ಊಟ ನೀಡುತ್ತಾರೆ. ಬಡಿಸೋದು ಅಂದರೆ ಬೇರೆಯವರ ಕೈಲಿ ಏಟು ಕೊಡಿಸೋದು. ತಟ್ಟೆ ಮುಂದೆ ಕೂತಿದ್ದರಿಂದ ಬಚಾವಾದೆ.

ಇಲ್ಲಿಯವರೆಗಿನದು ನಗುವ ಮಾತು. ಇನ್ನು ಮುಂದಿನದನ್ನು ಬರೆಯಲಿಕ್ಕೆ ಎರಡು ವರ್ಷ ತಡಮಾಡಿದ್ದೇನೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯೊಂದು ರೈತರಿಗಾಗಿ ಆ್ಯಪ್ ಮಾಡಿತ್ತು. ಊರೂರಿಗೆ ಒಂದು ಗುಂಪು, ಅಲ್ಲಿ ರೈತರು ಪ್ರಶ್ನೆ ಹಾಕಬೇಕು, ತಿಳಿದವರು ಉತ್ತರ ಕೊಡಬೇಕು. ಬೈಗುಳ, ಬೆದರಿಕೆ ಬಾರದಂತೆ ಒಂದು ಜರಡಿ ಬೇಕಿತ್ತು. ಕೆಟ್ಟ ಪದ ಕಂಡರೆ ಆ ಮೆಸೇಜು ನಿಲ್ಲುತ್ತೆ, ಯಾರಾದರೂ ನೋಡಿ ಬಿಡಬೇಕು. ತಂಡದಲ್ಲಿ ಕನ್ನಡದವರು ಇಬ್ಬರೇ, ನಾನು ಮತ್ತು ಮೈಸೂರಿನ ಒಬ್ಬ ಹುಡುಗಿ. ಪಟ್ಟಿ ಬರೆಯುವ ಕೆಲಸ ನನಗೆ ಬಂತು. ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ. ಹಿಂಸೆ ಅನ್ನೋ ಕಾಲಮ್ಮಿನಲ್ಲಿ ಹೊಡಿ, ಬಡಿ, ಕಡಿ, ಕೊಲ್ಲು. ಮದ್ಯದ ಕಾಲಮ್ಮಿನಲ್ಲಿ ಎಣ್ಣೆ ಹೊಡಿ, ಗುಂಡು ಹೊಡಿ. ಕಾಗುಣಿತ ಬದಲಾದರೂ ಹಿಡಿಯಲಿ ಅಂತ ಹೊಡೆ, ಹೊಡಿ, ಎಣ್ಣೆ, ಎಣ್ಣಿ ಎಲ್ಲ ಸೇರಿಸಿದೆ. ಬಹಳ ಜಾಣತನ ಮಾಡಿದೆ ಅಂದುಕೊಂಡೆ.

ತಿಂಗಳಾದ ಮೇಲೆ, ತಡೆದಿಟ್ಟ ಮೆಸೇಜುಗಳು ಯಾಕೆ ಇಷ್ಟೊಂದು ಅಂತ ನೋಡಲಿಕ್ಕೆ ಕೂತೆ. ಬಹುಪಾಲು ಕಲಬುರಗಿ ಕಡೆಯವು. "ತೊಗರಿ ಹೂವಿಗಿ ಬಂದದ, ಕೀಡಿ ಬಿದ್ದದ, ಯಾವ ಎಣ್ಣಿ ಹೊಡಿಬೇಕ್ರಿ?" ಅದರ ಪಕ್ಕದಲ್ಲಿ ನಮ್ಮ ಜರಡಿ ಹಾಕಿದ ಮುದ್ರೆ: ಹಿಂಸೆ, ಮದ್ಯ. "ಹತ್ತಿಗಿ ಎಷ್ಟು ದಿನಕ್ಕೊಮ್ಮಿ ಹೊಡಿಬೇಕು?" ಹಿಂಸೆ. "ಎಡಿ ಹೊಡಿಲಾಕ ಎತ್ತು ಬಾಡಿಗಿಗಿ ಸಿಗ್ತಾವೇನ್ರಿ?" ಹಿಂಸೆ. ಕೆಲವು ನಾಲ್ಕೈದು ದಿನದಿಂದ ನಿಂತಿದ್ದವು.

ನಾಲ್ಕು ದಿನ ಅಂದರೆ ಏನು ಅಂತ ನಿಮಗೆ ಹೇಳಬೇಕು. ಕಲಬುರಗಿ ತೊಗರಿಯ ಕಣಜ, ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಆ ತೊಗರಿಯ ದೊಡ್ಡ ಶತ್ರು ಕಾಯಿಕೊರಕ ಹುಳ. ಮರಿ ಸಣ್ಣದಿದ್ದು ಹೂವು, ಮೊಗ್ಗಿನ ಮೇಲೆ ಓಡಾಡುವಾಗ ಹೊಡೆದರೆ ಸಾಯುತ್ತೆ. ಬಲಿತು ಕಾಯಿಯೊಳಗೆ ತಲೆ ತೂರಿಸಿತು ಅಂದರೆ ಎಣ್ಣಿ ತಾಗುವುದೂ ಕಷ್ಟ, ತಾಗಿದರೂ ಸಾಯುವುದು ಕಷ್ಟ. 1997-98ರಲ್ಲಿ ಈ ಹುಳದಿಂದ ಬೀದರ್, ಕಲಬುರಗಿಯ ತೊಗರಿ ಹಾಳಾಗಿ ರೈತರು ಜೀವ ಕಳೆದುಕೊಂಡಿದ್ದು ನಮ್ಮ ಮನೆಗಳಲ್ಲಿ ಇನ್ನೂ ನೆನಪಿದೆ. ಆಮೇಲಿನ ವರ್ಷಗಳಲ್ಲಿ ಗಿಡ ಅಲ್ಲಾಡಿಸಿ, ಕೆಳಗೆ ಬಿದ್ದ ಹುಳ ಆರಿಸಿ ಕೊಲ್ಲುವ ಹಳೇ ಪದ್ಧತಿಗೆ ಮತ್ತೆ ಜೀವ ಬಂತು. ಅಂಥ ಬೆಳೆಯ ಬಗ್ಗೆ ಕೇಳಿದ ಪ್ರಶ್ನೆಯನ್ನು ನಾನು ಕುಡುಕರ ಗಲಾಟೆ ಅಂತ ಕಟ್ಟಿಹಾಕಿದ್ದೆ. ಮೈಸೂರಿನ ಹುಡುಗಿ ಮಾಡಿದ್ದರೆ ಗೊತ್ತಿಲ್ಲದೆ ಮಾಡಿದಳು ಅನ್ನಬಹುದಿತ್ತು. ನಾನು ಎಣ್ಣಿ ಹೊಡಿಯೋ ಅಪ್ಪನ ಮಗ. ಪಟ್ಟಿ ಬರೆಯುವಾಗ ನನ್ನ ತಲೆಯಲ್ಲಿ ಓಡಿದ್ದು ಅಪ್ಪನ ಕನ್ನಡ ಅಲ್ಲ, ಕ್ಯಾಂಟೀನಿನಲ್ಲಿ ನಗೆಪಾಟಲಾದ ಮೇಲೆ ನಾನು ಕಲಿತುಕೊಂಡ ಕನ್ನಡ.

ಸರಿಮಾಡಲು ಕೂತೆವು. ಮೊದಲು ವ್ಯಾಕರಣದಲ್ಲೇ ದಾರಿ ಹುಡುಕಿದೆವು. "ತೊಗರಿಗಿ ಹೊಡದೆ", "ಹೆಣ್ತಿಗಿ ಹೊಡದ". ಎರಡೂ ಕಡೆ ಅದೇ ಚತುರ್ಥಿ, ಅದೇ ಕ್ರಿಯಾಪದ. ಮಷೀನಿಗೆ ಎರಡೂ ಒಂದೇ. ಹೊಡಿ ಹಿಂದೆ ಪ್ರತ್ಯಯವಿಲ್ಲದ ನಾಮಪದ ಇದ್ದರೆ ಅದು ಕೆಲಸ, ಇಲ್ಲದಿದ್ದರೆ ಏಟು ಅನ್ನೋಣ ಅಂದುಕೊಂಡೆವು. ಕುಂಟಿ ಹೊಡಿ, ಎಣ್ಣಿ ಹೊಡಿ, ಬಣ್ಣ ಹೊಡಿ ಎಲ್ಲ ಪಾರಾದವು. ಅವುಗಳ ಬೆನ್ನಿಗೇ ಕಲ್ಲು ಹೊಡಿ, ಗುಂಡು ಹೊಡಿ ಕೂಡ ನುಸುಳಿಕೊಂಡು ಹೋದವು. ಕೊನೆಗೆ ಜೋಡಿ ಜೋಡಿಯಾಗಿ ಪಟ್ಟಿ ಮಾಡಬೇಕಾಯಿತು. ಯಾವ ಜೋಡಿ ಯಾವ ಊರಿನಲ್ಲಿ ಏನು ಅಂತ ಹೇಳಲು ಆ ಊರಿನವರನ್ನೇ ಕೇಳಬೇಕಾಯಿತು. ಅಕ್ಕನಿಗೆ, ಮಾಮಾನಿಗೆ, ಅಫಜಲಪುರದ ಕಾಕಾನಿಗೆ ದಿನಾ ಫೋನು. "ಇಷ್ಟಕ್ಕ ನಿನಗ ಪಗಾರ ಕೊಡ್ತಾರೇನು?" ಅಂತ ಮಾಮಾ ಕೇಳಿದ.

ಜರಡಿ ತಡೆದದ್ದಕ್ಕಿಂತ, ಬಿಟ್ಟದ್ದು ನನ್ನನ್ನು ಹೆಚ್ಚು ಕಾಡಿತು. ಹಾಗೇ ನೋಡುತ್ತಾ ಹೋದಾಗ ಒಂದು ರಾತ್ರಿಯ ಮೆಸೇಜು ಸಿಕ್ಕಿತು. ಸಾಲದ ಮಾತು, ನೆಟೆ ರೋಗದ ಮಾತು, ಕೊನೆಗೆ, ಎಣ್ಣಿ ಕುಡಿಯೋದೊಂದೇ ಉಳಿದದ ಅನ್ನೋ ಅರ್ಥದ ಒಂದು ಸಾಲು. ನಮ್ಮಲ್ಲಿ ಎಣ್ಣಿ ಕುಡಿಯೋದು ಅಂದರೆ ಒಂದೇ ಅರ್ಥ, ಅದನ್ನು ಬಿಡಿಸಿ ಹೇಳುವುದು ಬೇಕಿಲ್ಲ. ನನ್ನ ಪಟ್ಟಿಯಲ್ಲಿ ಎಣ್ಣಿ ಹೊಡಿ ಇತ್ತು, ಎಣ್ಣಿ ಕುಡಿ ಇರಲಿಲ್ಲ. ಕೆಲಸಕ್ಕೆ ಹೊರಟವನನ್ನು ಕಟ್ಟಿಹಾಕಿದ ಜರಡಿ, ಸಾಯಲಿಕ್ಕೆ ಹೊರಟವನನ್ನು ನೋಡಿಯೂ ನೋಡದಂತೆ ಬಿಟ್ಟಿತ್ತು.

ಗುಂಪಿನಲ್ಲಿದ್ದವರು ಬಿಡಲಿಲ್ಲ. ಆ ಸಾಲಿನ ಕೆಳಗೆ ಒಂದು ನಿಮಿಷದಲ್ಲಿ "ಅಣ್ಣಾ ಫೋನ್ ಎತ್ತು", "ಬರ್ಲತ್ತೀವಿ, ಮನ್ಯಾಗೇ ಇರು" ಅಂತ ಬರತೊಡಗಿತ್ತು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಯಾರೋ ಬರೆದಿದ್ದರು: "ಕೂತೀವಿ. ಉಣ್ಲತ್ತಾನ." ಇದಕ್ಕಿಂತ ಚೆನ್ನಾಗಿ ಕನ್ನಡ ಅರ್ಥಮಾಡಿಕೊಂಡವರನ್ನು ನಾನು ನೋಡಿಲ್ಲ. ಅವರ ಹತ್ತಿರ ನಿಘಂಟೂ ಇರಲಿಲ್ಲ, ಪಟ್ಟಿಯೂ ಇರಲಿಲ್ಲ. ಹೇಳಿದವನ ಹೊಲ, ಅವನ ಸಾಲ, ಅವನ ದನಿ ಗೊತ್ತಿತ್ತು.

ಅದಕ್ಕೇ ನನ್ನ ತಕರಾರು ಇಷ್ಟು. ಒಂದು ಪದಕ್ಕೆ ಐವತ್ತು ಅರ್ಥ ಇದೆ ಅಂತ ಕುಣಿಯುವುದರಿಂದ ಕನ್ನಡ ಬೆಳೆಯುವುದಿಲ್ಲ. ಆ ಐವತ್ತರಲ್ಲಿ ಯಾರ ಅರ್ಥ ಪಟ್ಟಿ ಹತ್ತಿತು, ಯಾರದ್ದು ಹೊರಗುಳಿಯಿತು ಅಂತ ಕೇಳಬೇಕು. ಮೊದಲಾದರೆ ಹೊರಗುಳಿದವರಿಗೆ ನಾಲ್ಕು ಜನರ ನಗು ಸಿಗುತ್ತಿತ್ತು, ಅಷ್ಟೇ. ಈಗ ನಮ್ಮಂಥವರು ಮಧ್ಯಾಹ್ನವೊಂದರಲ್ಲಿ ಬರೆದ ಪಟ್ಟಿಗಳೇ ಯಾರ ಮಾತು ಮುಂದೆ ಹೋಗಬೇಕು ಅಂತ ತೀರ್ಮಾನ ಮಾಡುತ್ತವೆ. ಇದನ್ನು ಓದುತ್ತಿರುವ ನಿಮ್ಮಲ್ಲೂ ಇಂಥ ಪಟ್ಟಿ ಬರೆಯುವವರು ಇರಬಹುದು. ಬರೆಯುವ ಮುಂಚೆ ಊರಿಗೊಂದು ಫೋನು ಮಾಡಿ.

ನಮ್ಮವರ ಹೊಡಿಯನ್ನೂ ನಾನು ಪೂರ್ತಿ ಮುದ್ದು ಮಾಡಲಾರೆ. ಬಂಡಿ ಹೊಡಿ, ಬಣ್ಣ ಹೊಡಿ ಅನ್ನುವಷ್ಟೇ ಸಲೀಸಾಗಿ ಎಣ್ಣಿ ಹೊಡಿ ಅನ್ನುತ್ತೇವೆ. ಮಾತು ಹಗುರ, ಕೆಲಸ ಹಗುರ ಅಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧ ಹೊಡೆಯುತ್ತಾ 20ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತೆ, ಕೆಂಪು ಅಂದರೆ ಕಡುವಿಷ, ಆಮೇಲೆ ಹಳದಿ, ನೀಲಿ, ಹಸಿರು. ನಮ್ಮಪ್ಪನಿಗೆ ಅದು ಗೊತ್ತಿಲ್ಲ, ಅಂಗಡಿಯವನು ಕೊಟ್ಟದ್ದು ಎಣ್ಣಿ. ಇಂಥದ್ದಕ್ಕೆ 'ವಿಷ' ಅನ್ನೋ ಪದವನ್ನೇ ಬಳಸಿದ್ದರೆ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲು ಕೈ ತಾನಾಗಿ ಏಳುತ್ತಿತ್ತೋ ಏನೋ.

ಮೊನ್ನೆ ಫೋನು ಮಾಡಿದೆ. ಅವ್ವ ಎತ್ತಿದಳು.

"ಅಪ್ಪ ಎಲ್ಲವ್ವಾ?"

"ಎಣ್ಣಿ ಹೊಡಿಲಾಕ ಹೋಗ್ಯಾರ ತಮ್ಮಾ."

"ಬಾಯಿಗಿ ಟವಲ್ ಕಟ್ಕೊಂಡು ಹೋಗ್ಯಾನಿಲ್ಲ? ಗಾಳಿಗಿ ಬೆನ್ನು ಮಾಡಿ ಹೊಡಿ ಅಂತ ಹೇಳು."

ಸುತ್ತ ಮೀಟಿಂಗಿಗೆ ಕಾಯುತ್ತಾ ಆರೇಳು ಜನ ಕೂತಿದ್ದರು. ಒಬ್ಬ ಹೊಸ ಹುಡುಗ ತಲೆ ಎತ್ತಿ ನೋಡಿದ. ಈ ಸಲ ನಾನು ದನಿ ತಗ್ಗಿಸಲಿಲ್ಲ.